256 ಪಂದ್ಯ, ನಾಲ್ಕು ಒಲಿಂಪಿಕ್ ಪದಕ ಸರಿ. ಏಂಜೆಲಾ ರುಜೇರೊ ಡಿಫೆನ್ಸ್ ಆಡ್ತಿದ್ದದ್ದು ಹೇಗೆ?

ನೀಲಿಗೆರೆ:
ಐಸ್ ಹಾಕಿ ಡಿಫೆಂಡರ್‌ಗಳ ಬಗ್ಗೆ ಬರೆಯುವವರೆಲ್ಲ ಪದಕ ಎಣಿಸಿ ಕೈ ತೊಳೆದುಕೊಳ್ತಾರೆ. ರುಜೇರೊ ವಿಷಯದಲ್ಲೂ ಅದೇ ಕಥೆ. 1998 ನಾಗಾನೊ ಚಿನ್ನ, 2002 ಸಾಲ್ಟ್ ಲೇಕ್ ಬೆಳ್ಳಿ, 2006 ಟೊರಿನೊ ಕಂಚು, 2010 ವ್ಯಾಂಕೂವರ್ ಬೆಳ್ಳಿ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ನಾಲ್ಕು ಚಿನ್ನ, ಆರು ಬೆಳ್ಳಿ. ಅಮೆರಿಕದ ಪರ 256 ಪಂದ್ಯ. 2011ರ ಕೊನೆಗೆ ನಿವೃತ್ತಿ ಆದಾಗ ಗಂಡಸರು ಹೆಂಗಸರು ಸೇರಿ ಆ ದೇಶದ ಪರ ಅಷ್ಟು ಆಡಿದವರು ಇನ್ನೊಬ್ಬರಿರಲಿಲ್ಲ. ಎಲ್ಲಾ ಒಪ್ಪಿದೆ.

ನನಗೆ ಬೇಕಾದ್ದು ಬೇರೆ. ಮಹಿಳೆಯರ ಅಂತರರಾಷ್ಟ್ರೀಯ ಆಟದಲ್ಲಿ ಬಾಡಿ ಚೆಕ್ ಇಲ್ಲ, ಎದುರಾಳಿಯನ್ನು ಮೈಯಿಂದ ಗುದ್ದಿ ನಿಲ್ಲಿಸೋ ಹಾಗಿಲ್ಲ. ಹಾಗಿದ್ದಾಗ ಅಷ್ಟು ಗಟ್ಟಿ ಮೈಕಟ್ಟಿನ ಡಿಫೆಂಡರ್‌ಗೆ ಆ ಮೈಕಟ್ಟಿಂದ ಏನು ಲಾಭ? ಜೊತೆಗೆ, ಕೆನಡಾದ ಜೆರಾಲ್ಡಿನ್ ಹೀನಿಗಿಂತ ಈಕೆ ಮೇಲು ಅನ್ನಬಹುದಾ? ಅಂಕಿ ಇರೋರು ಅಂಕಿ ಹಾಕಿ, ಆಟ ಗೊತ್ತಿರೋರು ಐಸ್ ಮೇಲೆ ನಡೆಯೋದನ್ನ ಬಿಡಿಸಿ ಹೇಳಿ.

ಟೊರೊಂಟೊ_ತಾತ:
ಹೀನಿ. ಮುಗೀತು, ಬಾಗಿಲು ಹಾಕಿ.

ಅಂಕಿಸಂಖ್ಯೆ:
ತಾತ, ಅಷ್ಟು ಬೇಗ ಮುಗಿಸಬೇಡಿ. ರುಜೇರೊ 256 ಪಂದ್ಯಕ್ಕೆ 208 ಪಾಯಿಂಟ್, ಅಂದರೆ ಗೋಲು ಪ್ಲಸ್ ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್). ಪಂದ್ಯಕ್ಕೆ 0.81. ಹೀನಿ 125 ಪಂದ್ಯಕ್ಕೆ 93, ಪಂದ್ಯಕ್ಕೆ 0.74. ಹೀನಿ ಆಡಿದ್ದಕ್ಕಿಂತ ಎರಡು ಪಟ್ಟು ಪಂದ್ಯ ಆಡಿಯೂ ಸರಾಸರಿ ಮೇಲೇ ಇದೆ. ಅಮೆರಿಕದ ಕಾಲೇಜು ಮಟ್ಟದ ಅತ್ಯುತ್ತಮ ಆಟಗಾರ್ತಿಗೆ ಕೊಡುವ ಪ್ಯಾಟಿ ಕಾಜ್‌ಮೇಯರ್ ಪ್ರಶಸ್ತಿ 2004ರಲ್ಲಿ ಹಾರ್ವರ್ಡ್‌ನಲ್ಲಿದ್ದಾಗ ಬಂತು. ಅದು ಶುರುವಾದಾಗಿನಿಂದ ಫಾರ್ವರ್ಡ್‌ಗಳು, ಒಬ್ಬ ಗೋಲ್‌ಕೀಪರ್ ಬಿಟ್ಟರೆ ಬೇರೆಯವರಿಗೆ ಸಿಕ್ಕಿರಲಿಲ್ಲ. ಗೆದ್ದ ಮೊದಲ ಡಿಫೆಂಡರ್ ಈಕೆ.

ಟೊರೊಂಟೊ_ತಾತ:
ಪಾಯಿಂಟ್ ಲೆಕ್ಕದಲ್ಲಿ ಡಿಫೆಂಡರ್‌ನ ಅಳೆಯೋದೇ ಮೊದಲ ತಪ್ಪು ಕಣಪ್ಪ. ಆದರೂ ನಿನ್ನ ದಾರಿಗೇ ಬರ್ತೀನಿ.

ಹೀನಿ ಹುಟ್ಟಿದ್ದು 1967ರಲ್ಲಿ, ಉತ್ತರ ಐರ್ಲೆಂಡಿನಲ್ಲಿ. ಕೂಸಾಗಿದ್ದಾಗಲೇ ಕುಟುಂಬ ಕೆನಡಾಕ್ಕೆ ಬಂತು. ಮಹಿಳೆಯರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1990ರಲ್ಲಿ, ಕೆನಡಾದ ಒಟ್ಟಾವಾದಲ್ಲಿ. ಕೆನಡಾ ತಂಡಕ್ಕೆ ಗುಲಾಬಿ ಜೆರ್ಸಿ ತೊಡಿಸಿದ್ದು ಆಗಲೇ. ಫೈನಲ್‌ನಲ್ಲಿ ಅಮೆರಿಕವನ್ನು 5-2ರಲ್ಲಿ ಸೋಲಿಸಿದಾಗ ಹೀನಿ ಹೊಡೆದ ಗೋಲನ್ನು ಇವತ್ತಿಗೂ ತೋರಿಸ್ತಾರೆ: ಡಿಫೆಂಡರ್‌ನ ದಾಟಿ, ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಮೇಲೆತ್ತಿ ಹಾಕಿ, ಗಾಳಿಯಲ್ಲಿ ಹಾರಿ ಬಿದ್ದಳು. ಡಿಫೆನ್ಸ್ ಆಡುವವಳು! ಆಮೇಲೆ 92, 94, 97, 99, 2000, 2001. ಏಳು ವಿಶ್ವ ಚಾಂಪಿಯನ್‌ಷಿಪ್ ಆಡಿ ಏಳೂ ಚಿನ್ನ. 92 ಮತ್ತು 94ರಲ್ಲಿ ಟೂರ್ನಿಯ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ.

ಒಲಿಂಪಿಕ್ಸಿಗೆ ಮಹಿಳೆಯರ ಹಾಕಿ ಬಂದದ್ದೇ 1998ರಲ್ಲಿ. ಆಗ ಹೀನಿಗೆ 30, ರುಜೇರೊಗೆ 18. ಅಮೆರಿಕ ತಂಡದಲ್ಲೇ ಚಿಕ್ಕವಳು, ಇನ್ನೂ ಶಾಲೆ ಮುಗಿದಿರಲಿಲ್ಲ. ಹನ್ನೆರಡು ವರ್ಷ ತಡವಾಗಿ ಹುಟ್ಟಿದ್ದೇ ರುಜೇರೊ ಪದಕದ ಗುಟ್ಟು.

ಮಿನ್ನೆಸೋಟ_ಮಾಲಾ:
ಹೀನಿ ಬಗ್ಗೆ ಹೇಳಿದ್ದೆಲ್ಲ ಸರಿ ತಾತ, ಆದರೆ ಒಂದು ಬಿಟ್ಟಿರಿ. 1990ರ ಆ ಟೂರ್ನಿಯಲ್ಲಿ ಬಾಡಿ ಚೆಕ್‌ಗೆ ಅನುಮತಿ ಇತ್ತು. ನಂತರ ತೆಗೆದರು. ಹಾಗಾಗಿ ಹೀನಿ ಎರಡೂ ನಿಯಮದಲ್ಲಿ ಆಡಿದವರು, ರುಜೇರೊ ರಾಷ್ಟ್ರೀಯ ತಂಡಕ್ಕೆ ಬರುವ ಹೊತ್ತಿಗೆ ಗುದ್ದೋ ದಾರಿ ಮುಚ್ಚಿತ್ತು.

ನೀಲಿಗೆರೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಗುದ್ದೋಕೆ ಆಗದಿದ್ದರೆ ಎದುರಾಳಿಗೆ ನಡುವೆ ನುಗ್ಗೋಕೆ ಹೆದರಿಕೆ ಇರಲ್ಲ. ಆಗ ಡಿಫೆಂಡರ್ ಹತ್ತಿರ ಉಳಿಯೋದು ಮೂರೇ: ಅಂತರ, ಕೋನ, ಸ್ಟಿಕ್. ಇದರಲ್ಲಿ ಅಂತರವೇ ಮೊದಲು, ಕೋಚ್‌ಗಳು ಗ್ಯಾಪ್ ಅನ್ನೋದು ಅದಕ್ಕೇ.

ಎದುರಾಳಿ ಪಕ್ ಹಿಡಿದು ಬರುವಾಗ ನಡು ಗೆರೆ ಹತ್ತಿರ ಇಬ್ಬರ ನಡುವೆ ಸುಮಾರು ಎರಡು ಸ್ಟಿಕ್ ಉದ್ದ ಇರಬೇಕು. ನಮ್ಮ ಬ್ಲೂ ಲೈನ್‌ಗೆ, ಅಂದರೆ ನಮ್ಮ ಗೋಲಿನ ವಲಯ ಶುರುವಾಗೋ ನೀಲಿ ಗೆರೆಗೆ, ಬರೋ ಹೊತ್ತಿಗೆ ಅದು ಒಂದು ಸ್ಟಿಕ್ಕಿಗೆ ಇಳಿಯಬೇಕು. ಸ್ಟಿಕ್ ಒಂದೂವರೆ ಮೀಟರ್ ಅಂದುಕೊಳ್ಳಿ. ಬ್ಲೂ ಲೈನ್ ಮೇಲೆ ನಾಲ್ಕು ಮೀಟರ್ ಬಿಟ್ಟರೆ ಎದುರಾಳಿ ಆರಾಮಾಗಿ ಒಳಗೆ ಬಂದು, ನಿಮ್ಮನ್ನೇ ಮರೆ ಮಾಡಿಕೊಂಡು ಶಾಟ್ ಹೊಡೀತಾಳೆ. ಗೋಲ್‌ಕೀಪರ್‌ಗೆ ಪಕ್ ಕಾಣೋದೇ ಇಲ್ಲ. ಇನ್ನು ಹಿಂದಕ್ಕೆ ಹೋಗುವ ವೇಗ ಹುಟ್ಟಿಸದೆ ಅರ್ಧ ಮೀಟರ್‌ಗೆ ಅಂಟಿಕೊಂಡರೆ ಅವಳು ಹೊರಬದಿಯಿಂದ ಸುತ್ತಿ ಹೋಗ್ತಾಳೆ, ನೀವು ತಿರುಗೋ ಹೊತ್ತಿಗೆ ಅವಳ ಬೆನ್ನು ನೋಡ್ತೀರಿ.

ದೇಹದ ಗಾತ್ರ ಕೆಲಸಕ್ಕೆ ಬರೋದು ಇಲ್ಲಿ. ಉದ್ದ ಕೈ, ಉದ್ದ ಸ್ಟಿಕ್ ಇದ್ದರೆ ಆ ‘ಒಂದು ಸ್ಟಿಕ್’ ಅನ್ನೋ ಅಳತೆಯೇ ದೊಡ್ಡದಾಗುತ್ತೆ. ಬೇರೆಯವರು ಮುಟ್ಟಲಾಗದ ದೂರದ ಪಕ್ ರುಜೇರೊಗೆ ಸಿಗ್ತಿತ್ತು. ಗೋಡೆ ಪಕ್ಕದ ಜಗ್ಗಾಟದಲ್ಲಿ ಸೊಂಟ ಕೆಳಗೆ ಇಳಿಸಿ ನಿಂತರೆ ಅಲುಗಾಡಿಸೋಕೆ ಆಗ್ತಿರಲಿಲ್ಲ. ಗುದ್ದೋದು ತಪ್ಪು, ಭದ್ರವಾಗಿ ನಿಂತಿರೋದು ತಪ್ಪಲ್ಲ.

ಹುಬ್ಳಿ_ಮಂದಿ:
ಅಲ್ರೀ ಮಾಲಾ ಅಕ್ಕಾರ, ಮೈ ಮುಟ್ಟಂಗಿಲ್ಲ ಅಂತೀರಿ, ಗ್ವಾಡಿ ಬಾಜೂಕ ಇಬ್ಬರೂ ಒಬ್ಬರಿಗೊಬ್ಬರು ಒತ್ತಿ ನಿಂತಿರ್ತಾರ. ಯಾವುದಕ್ಕ ಸೀಟಿ ಊದ್ತಾರ, ಯಾವುದಕ್ಕ ಬಿಡ್ತಾರ? ನೋಡೋವ್ರಿಗೆ ತಿಳಿಯಂಗಿಲ್ಲ ನೋಡ್ರಿ.

ಮಿನ್ನೆಸೋಟ_ಮಾಲಾ:
@ಹುಬ್ಳಿ_ಮಂದಿ ಮೂರು ನೋಡಿ. ಒಂದು, ಇಬ್ಬರೂ ಪಕ್‌ಗಾಗಿ ಹೋಗ್ತಿದ್ದಾರಾ? ಎರಡು, ಇಬ್ಬರೂ ಒಂದೇ ದಿಕ್ಕಿಗೆ ಹೋಗ್ತಿದ್ದಾರಾ? ಮೂರು, ಸ್ಟಿಕ್ ಮೊದಲು ಪಕ್‌ಗೆ ತಾಗಿತಾ, ಇಲ್ಲಾ ಭುಜ ಮೊದಲು ಆಳಿಗೆ ತಾಗಿತಾ? ಒಂದೇ ದಿಕ್ಕಲ್ಲಿ ಪಕ್‌ಗಾಗಿ ಒತ್ತಾಡಿದರೆ ಆಟ ನಡೆಯುತ್ತೆ. ಎದುರಿಂದ ಬಂದು ಆಳನ್ನೇ ಗುರಿ ಮಾಡಿದರೆ, ಅಥವಾ ಕೊನೇ ಎರಡು ಹೆಜ್ಜೆಯಲ್ಲಿ ವೇಗ ಹೆಚ್ಚಿಸಿ ಗೋಡೆಗೆ ಒತ್ತಿದರೆ ಕನಿಷ್ಠ ಎರಡು ನಿಮಿಷ ಹೊರಗೆ.

ಹುಡುಗಿಯರು ಪೆನಾಲ್ಟಿ ತಿನ್ನೋದು ಹೆಚ್ಚಾಗಿ ಮೂರನೇದರಲ್ಲೇ. ತಡವಾಗಿ ಹೊರಟು, ನೇರ ಗೆರೆಯಲ್ಲಿ ಓಡಿ, ತಡೆಯೋಕೆ ಆಗದೆ ಡಿಕ್ಕಿ. ಬೇಗ ಹೊರಟು ಬಿಲ್ಲಿನ ಹಾಗೆ ಬಾಗಿದ ದಾರಿಯಲ್ಲಿ ಒಳಗಡೆಯಿಂದ ಬಂದರೆ ಡಿಕ್ಕಿಯ ಪ್ರಮೇಯವೇ ಇಲ್ಲ, ಎದುರಾಳಿಗೆ ಗೋಡೆ ಬಿಟ್ಟು ಬೇರೆ ಜಾಗ ಇರಲ್ಲ.

ಅಂಕಿಸಂಖ್ಯೆ:
ಈಗ ಸ್ವೀಡನ್ನಿನ ಮಹಿಳಾ ಲೀಗಿನಲ್ಲಿ 2022-23ರಿಂದ ಬಾಡಿ ಚೆಕ್ ಬಿಟ್ಟಿದ್ದಾರೆ. 2024ರ ಜನವರಿಯಲ್ಲಿ ಶುರುವಾದ ಉತ್ತರ ಅಮೆರಿಕದ ವೃತ್ತಿಪರ ಲೀಗಿನಲ್ಲೂ ಮೈ ತಾಗಿಸೋಕೆ ಮೊದಲಿಗಿಂತ ಹೆಚ್ಚು ಅವಕಾಶ. ರುಜೇರೊ ಈಗ ಆಡಿದ್ದರೆ ಅನ್ನೋದು ಬೇರೆಯೇ ಚರ್ಚೆ.

ಕರಾವಳಿಕಡ್ಡಿ:
ಎಂತ ಮಾರಾಯ್ರೆ, ಎಲ್ಲರೂ ಮುಖ್ಯ ವಿಷಯ ಬಿಟ್ಟು ಮಾತಾಡ್ತಾ ಇದ್ದೀರಿ. ಗಂಡಸರ ವೃತ್ತಿಪರ ಪಂದ್ಯದಲ್ಲಿ ಆಡಿದ ಜಗತ್ತಿನ ಮೊದಲ ಹೆಂಗಸು ರುಜೇರೊ ಅಲ್ವಾ? 2005, ಟಲ್ಸಾ ಆಯ್ಲರ್ಸ್. ಅದು ಸಾಕಲ್ವಾ?

ಟೊರೊಂಟೊ_ತಾತ:
ಜಗತ್ತಿನ ಮೊದಲು ಅಲ್ಲ. ಮನೊನ್ ರಿಯೋಮ್ 1992ರಲ್ಲೇ ಟ್ಯಾಂಪಾ ಬೇ ಪರ ಪ್ರದರ್ಶನ ಪಂದ್ಯದಲ್ಲಿ ಗೋಲ್ ಕಾದರು. ಹೇಲಿ ವಿಕೆನ್‌ಹೈಸರ್ 2003ರಲ್ಲಿ ಫಿನ್‌ಲೆಂಡಿನ ಗಂಡಸರ ಲೀಗಿನಲ್ಲಿ ಫಾರ್ವರ್ಡ್ ಆಡಿ ಗೋಲೂ ಹೊಡೆದರು. ರುಜೇರೊ ಹೆಸರಿಗೆ ಇರೋದು ಉತ್ತರ ಅಮೆರಿಕದಲ್ಲಿ, ಗೋಲ್‌ಕೀಪರ್ ಅಲ್ಲದ ಜಾಗದಲ್ಲಿ, ಗಂಡಸರ ವೃತ್ತಿಪರ ಲೀಗ್ ಪಂದ್ಯ ಆಡಿದ ಮೊದಲಿಗಳು ಅಂತ. ಜನವರಿ 28, 2005, ಸೆಂಟ್ರಲ್ ಹಾಕಿ ಲೀಗ್. ಒಂದೇ ಪಂದ್ಯ, ಒಂದು ಅಸಿಸ್ಟ್. ಅದೇ ತಂಡದ ಗೋಲಿನಲ್ಲಿ ತಮ್ಮ ಬಿಲ್ ನಿಂತಿದ್ದ.

ಕರಾವಳಿಕಡ್ಡಿ:
ಇಷ್ಟೊಂದು ಷರತ್ತು ಸೇರಿಸಿದ್ರೆ ಎಲ್ಲರೂ ಯಾವುದಾದ್ರೂ ಒಂದರಲ್ಲಿ ಮೊದಲಿಗರೇ ಬಿಡಿ 😄 ಒಂದು ಪಂದ್ಯ ಅಂದ್ರೆ ಪ್ರಚಾರಕ್ಕೆ ಆಡ್ಸಿದ್ದು ಅಂತ ಹೇಳುವವರೂ ಇದ್ದಾರೆ.

ಮಿನ್ನೆಸೋಟ_ಮಾಲಾ:
ಟಿಕೆಟ್ ಮಾರೋಕೆ ಕರೆದಿರಬಹುದು, ಆದರೆ ಡಿಫೆಂಡರ್‌ನ ಅಡಗಿಸಿ ಇಡೋಕೆ ಆಗಲ್ಲ. ಫಾರ್ವರ್ಡ್ ಆದರೆ ಗೋಡೆ ಪಕ್ಕ ಉಳಿದು ದಿನ ತಳ್ಳಬಹುದು. ಡಿಫೆನ್ಸಲ್ಲಿ ಇರುವವರೇ ಇಬ್ಬರು. ಪಕ್ ನಿಮ್ಮ ಮೂಲೆಗೆ ಬಂದರೆ ತರೋಕೆ ನೀವೇ ಹೋಗಬೇಕು, ಹಿಂದೆ ಬಾಡಿ ಚೆಕ್ ಹೊಡೆಯೋ ಗಂಡಸು ಬರ್ತಿರ್ತಾನೆ.

ಆ ಮೂಲೆ ಕೆಲಸವೇ ಡಿಫೆನ್ಸಿನ ಅರ್ಧ ಭಾಗ, ಯಾರೂ ಮಾತಾಡಲ್ಲ. ಹೆಜ್ಜೆ ಹೆಜ್ಜೆಯಾಗಿ: ಪಕ್ ಕಡೆ ಪೂರ್ತಿ ವೇಗದಲ್ಲಿ ಹೊರಡಬೇಕು. ಮುಟ್ಟೋಕೆ ಮುಂಚೆ ಎರಡು ಸಲ ಭುಜದ ಮೇಲಿಂದ ಹಿಂದೆ ನೋಡಬೇಕು, ಒಂದು ಹೊರಟ ಕೂಡಲೇ, ಇನ್ನೊಂದು ಪಕ್‌ಗೆ ಮೂರು ನಾಲ್ಕು ಮೀಟರ್ ಇರುವಾಗ. ಮೊದಲ ನೋಟದಲ್ಲಿ ಎಷ್ಟು ಜನ ಬರ್ತಿದ್ದಾರೆ ಅಂತ, ಎರಡನೇದರಲ್ಲಿ ಯಾವ ಭುಜದ ಕಡೆಯಿಂದ ಅಂತ. ಜೊತೆಗಾರ್ತಿ ಕೂಗಬೇಕು: ‘ವೀಲ್’ ಅಂದರೆ ಗೋಲಿನ ಹಿಂದಿನಿಂದ ನೀನೇ ಒಯ್ಯಿ, ‘ರಿವರ್ಸ್’ ಅಂದರೆ ಬಂದ ದಿಕ್ಕಿಗೇ ಗೋಡೆಗೆ ತಿರುಗಿಸಿ ಬಿಡು, ‘ಓವರ್’ ಅಂದರೆ ಆ ಕಡೆ ನಾನಿದ್ದೀನಿ. ಕೂಗದಿದ್ದರೆ ಏನಾಗುತ್ತೆ? ಮೂಲೆಯಲ್ಲಿರುವವಳು ಪಕ್ ಹಿಡಿದು ನಿಂತು ತಲೆ ಎತ್ತುತ್ತಾಳೆ. ಅಷ್ಟರಲ್ಲಿ ಪಕ್ ಹೋಗಿರುತ್ತೆ. ರುಜೇರೊ ಆಡಿದ ಪಂದ್ಯಗಳಲ್ಲಿ ಇದನ್ನೇ ಗಮನಿಸಿ. ಪಕ್ ಮುಟ್ಟೋಕೆ ಮುಂಚೆಯೇ ಎಲ್ಲಿಗೆ ಕೊಡಬೇಕು ಅಂತ ತೀರ್ಮಾನ ಆಗಿರ್ತಿತ್ತು, ಹಾಗಾಗಿ ಮೊದಲ ಪಾಸ್ ಗಟ್ಟಿಯಾಗಿ, ನೆಲಕ್ಕಂಟಿಕೊಂಡು, ಸ್ಟಿಕ್ ಮೇಲೇ ಹೋಗ್ತಿತ್ತು.

ಕೊಡಗು_ಫುಲ್‌ಬ್ಯಾಕ್:
ಐಸ್ ಹಾಕಿ ಅಷ್ಟಾಗಿ ನೋಡದವನು, ಫೀಲ್ಡ್ ಹಾಕಿ ಕಡೆಯವನು. ನಮ್ಮ ಫುಲ್ ಬ್ಯಾಕ್ ಎದುರಾಳಿಯ ಅರ್ಧಕ್ಕೆ ಹೋಗಿ ನಿಲ್ಲೋದು ಕಡಿಮೆ. ಐಸ್ ಹಾಕಿಯಲ್ಲಿ ಡಿಫೆಂಡರ್‌ಗಳು ಎದುರಾಳಿಯ ಬ್ಲೂ ಲೈನ್ ಮೇಲೆ ಕಾವಲು ನಿಂತ ಹಾಗೆ ನಿಲ್ತಾರಲ್ಲ, ಹಿಂದೆ ಗೋಲು ಖಾಲಿ ಬಿಟ್ಟು? ಅದು ಹೇಗೆ ಡಿಫೆನ್ಸ್ ಆಗುತ್ತೆ?

ಅಂಕಿಸಂಖ್ಯೆ:
ಆಫ್‌ಸೈಡ್‌ನಿಂದ. ಫೀಲ್ಡ್ ಹಾಕಿಯಲ್ಲಿ ತೊಂಬತ್ತರ ದಶಕದಲ್ಲಿ ಆಫ್‌ಸೈಡ್ ತೆಗೆದುಬಿಟ್ಟರು, ಇಲ್ಲಿ ಅದೇ ಆಟದ ಬೆನ್ನೆಲುಬು. ಪಕ್ ಬ್ಲೂ ಲೈನ್ ದಾಟಿ ಹೊರಗೆ ಬಂತು ಅಂದರೆ ಒಳಗಿರುವ ನಮ್ಮವರೆಲ್ಲ ಹೊರಗೆ ಬಂದೇ ಮತ್ತೆ ಒಳಗೆ ಹೋಗಬೇಕು. ಹಾಗಾಗಿ ಆ ಗೆರೆ ಮೇಲೆ ನಿಂತು ಪಕ್ ಹೊರಗೆ ಹೋಗದ ಹಾಗೆ ತಡೆಯುವವಳು ದಾಳಿಯನ್ನು ಬದುಕಿಸ್ತಾಳೆ. ಕಾಲಿಂದ ತಡೆದರೂ ಸರಿ, ಅಂಗೈಯಿಂದ ಕೆಳಗೆ ಹಾಕಿದರೂ ಸರಿ. ತಪ್ಪಿದರೆ ಮಾತ್ರ ನೀವು ಹೇಳಿದ ಖಾಲಿ ಗೋಲಿನ ಕಡೆಗೆ ಒಬ್ಬಂಟಿ ಓಟ. ಲಾಭ ನಷ್ಟ ಎರಡೂ ದೊಡ್ಡದು.

ಕೊಡಗು_ಫುಲ್‌ಬ್ಯಾಕ್:
ಅರ್ಥ ಆಯ್ತು. ಹಾಗಾದ್ರೆ ಅಲ್ಲಿಂದ ಶಾಟ್ ಹೊಡೆದು ಗೋಲು ಆಗುತ್ತಾ? ದೂರ ಅಲ್ವಾ?

ಮಿನ್ನೆಸೋಟ_ಮಾಲಾ:
ನೇರವಾಗಿ ಆಗೋದು ಅಪರೂಪ, ಲೆಕ್ಕ ಹಾಕಿ ನೋಡಿ. ಬ್ಲೂ ಲೈನ್‌ನಿಂದ ಗೋಲು ಸುಮಾರು 19 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊಡೆದರೂ ಪಕ್ ತಲುಪೋಕೆ ಮುಕ್ಕಾಲು ಸೆಕೆಂಡ್ ಹತ್ತಿರ ಬೇಕು. ಪಕ್ ಕಂಡರೆ ಈ ಮಟ್ಟದ ಗೋಲ್‌ಕೀಪರ್ ಬಿಡಲ್ಲ. ಅದಕ್ಕೇ ಗೋಲಿನ ಮುಂದೆ ನಮ್ಮವರೊಬ್ಬರು ನಿಂತು ಮರೆ ಮಾಡಬೇಕು, ಶಾಟ್ ಮೊಣಕಾಲಿಗಿಂತ ಕೆಳಗೆ ಬರಬೇಕು, ಅವರು ಸ್ಟಿಕ್ ತಾಗಿಸಿ ದಿಕ್ಕು ತಪ್ಪಿಸಬೇಕು. ಡಿಫೆಂಡರ್‌ಗೆ ಅಸಿಸ್ಟ್ ಸಿಗೋದು ಹೀಗೆ. ರುಜೇರೊ ಪಾಯಿಂಟುಗಳಲ್ಲಿ ಗೋಲಿನ ಎರಡು ಪಟ್ಟಿಗೂ ಹೆಚ್ಚು ಅಸಿಸ್ಟ್ ಇರೋದು ಇದೇ ಕಾರಣಕ್ಕೆ.

ಕಲಿಯೋರು ಎಡವೋದು ಎರಡು ಕಡೆ. ಪಕ್ ಸಿಕ್ಕಿದ ಜಾಗದಲ್ಲೇ ನಿಂತು ಸ್ಟಿಕ್ ತಲೆ ಮೇಲೆ ಎತ್ತಿ ಸ್ಲ್ಯಾಪ್ ಶಾಟ್‌ಗೆ ಹೋಗ್ತಾರೆ. ಅಷ್ಟರಲ್ಲಿ ಎದುರಾಳಿ ಬಂದು ಮೊಣಕಾಲ ಪ್ಯಾಡ್ ಒಡ್ಡುತ್ತಾಳೆ, ಪಕ್ ಪುಟಿದು ಹೊರಗೆ, ಅವಳು ಒಬ್ಬಳೇ ಓಟ. ಬದಲು, ಗೆರೆ ಉದ್ದಕ್ಕೆ ಎರಡು ಮೂರು ಮೀಟರ್ ಪಕ್ಕಕ್ಕೆ ಜಾರಿ, ಎದುರಿನ ಕಾಲುಗಳ ನಡುವಿನ ದಾರಿ ತೆರೆದಾಗ ಚಿಕ್ಕದಾಗಿ ಬೀಸಿದ ಸ್ನ್ಯಾಪ್ ಅಥವಾ ರಿಸ್ಟ್ ಶಾಟ್ ಸಾಕು. ಎರಡನೇದು, ಕಣ್ಣು ಪಕ್ ಮೇಲೇ ಇಡೋದು. ತಲೆ ಎತ್ತದೆ ಹೊಡೆದ ಶಾಟ್ ತಡೆಯುವವರ ಕಾಲಿಗೇ ಹೋಗುತ್ತೆ.

ಅಂಕಿಸಂಖ್ಯೆ:
ಶಾಟ್ ಅಂದಾಗ ನೆನಪಾಯ್ತು, 2005 ಲಿನ್ಶೋಪಿಂಗ್ ಬಗ್ಗೆ ಯಾರೂ ಹೇಳಿಲ್ಲ. ಅಲ್ಲಿವರೆಗೆ ನಡೆದ ಎಂಟು ವಿಶ್ವ ಚಾಂಪಿಯನ್‌ಷಿಪ್‌ಗಳನ್ನೂ ಕೆನಡಾವೇ ಗೆದ್ದಿತ್ತು. ಫೈನಲ್ 0-0, ಹೆಚ್ಚುವರಿ ಸಮಯದಲ್ಲೂ ಗೋಲಿಲ್ಲ, ಶೂಟೌಟ್. ಶೂಟೌಟಿಗೆ ಕೋಚ್‌ಗಳು ಸಾಮಾನ್ಯವಾಗಿ ಫಾರ್ವರ್ಡ್‌ಗಳನ್ನೇ ಕಳಿಸೋದು. ಅಮೆರಿಕ ರುಜೇರೊಳನ್ನು ಕಳಿಸಿತು, ಗೆಲುವಿನ ಗೋಲು ಆಕೆಯದು. ಅಮೆರಿಕಕ್ಕೆ ಮೊದಲ ವಿಶ್ವ ಪಟ್ಟ. ಟಲ್ಸಾ ಪಂದ್ಯ ಆಗಿ ಮೂರು ತಿಂಗಳೂ ಆಗಿರಲಿಲ್ಲ. ತಾತ, ನಿಮ್ಮ ಹೀನಿಯ ಏಳಕ್ಕೆ ಏಳು ಸರಿ, ಆದರೆ ಆ ಏಳರಲ್ಲೂ ಹೀನಿ ಇದ್ದದ್ದು ಯಾರೂ ಸೋಲಿಸದ ತಂಡದಲ್ಲಿ. ರುಜೇರೊ ಅದೇ ಕೆನಡಾವನ್ನು ಎದುರಿಗಿಟ್ಟುಕೊಂಡು ನಾಲ್ಕು ಗೆದ್ದವರು.

ಟೊರೊಂಟೊ_ತಾತ:
ಹಾಗಾದರೆ 2002 ಹೇಳು. ಒಲಿಂಪಿಕ್ಸಿಗೆ ಮುಂಚಿನ ಎಂಟು ಪಂದ್ಯದಲ್ಲೂ ಕೆನಡಾ ಅಮೆರಿಕಕ್ಕೆ ಸೋತಿತ್ತು. ಸಾಲ್ಟ್ ಲೇಕ್ ಫೈನಲ್‌ನಲ್ಲಿ ಕೆನಡಾ ಮೇಲೆ ಸಾಲಾಗಿ ಎಂಟು ಪೆನಾಲ್ಟಿ. ಅಷ್ಟು ಹೊತ್ತು ಒಬ್ಬರು ಕಡಿಮೆ ಇದ್ದು ಆಡಿದ ಡಿಫೆನ್ಸ್‌ನಲ್ಲಿ 34 ವರ್ಷದ ಹೀನಿ. ಗೆದ್ದದ್ದು ಕೆನಡಾ, 3-2. ರುಜೇರೊ ಆ ಕಡೆ ಇದ್ದಳು.

ಅಂಕಿಸಂಖ್ಯೆ:
ಇದ್ದರು, ಮತ್ತು ಆ ಟೂರ್ನಿಯ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಸೋತ ತಂಡದ ರುಜೇರೊಗೇ ಬಂತು, ಹೀನಿಗಲ್ಲ. 2006ರಲ್ಲೂ ಹಾಗೇ. ಸೆಮಿಫೈನಲ್‌ನಲ್ಲಿ ಸ್ವೀಡನ್ ಶೂಟೌಟ್‌ನಲ್ಲಿ ಅಮೆರಿಕವನ್ನು ಸೋಲಿಸಿತು, ಕಂಚಿಗೆ ಇಳಿದರು, ಆದರೂ ಅತ್ಯುತ್ತಮ ಡಿಫೆಂಡರ್ ಮತ್ತೆ ರುಜೇರೊ. ತಂಡ ಸೋತಾಗಲೂ ಕೊಟ್ಟಿದ್ದಾರೆ ಅಂದರೆ ಅದು ಪದಕಕ್ಕೆ ಕೊಟ್ಟದ್ದಲ್ಲ.

ಟೊರೊಂಟೊ_ತಾತ:
ಚಿನ್ನ ಕೊಡ್ತೀಯಾ ಪ್ರಶಸ್ತಿ ಕೊಡ್ತೀಯಾ ಅಂದರೆ ಯಾವ ಡಿಫೆಂಡರ್ ಏನು ತಗೋತಾಳೆ ಹೇಳು ನೋಡೋಣ.

ಹುಬ್ಳಿ_ಮಂದಿ:
ತಾತಾರ ಮಾತಿಗೆ ಎದುರಾಡೋರು ಯಾರ ಇಲ್ಲ 😂

ಬ್ಲೇಡ್_ಬಸಣ್ಣ:
ಆಟದ ಮಾತು ಸಾಕು, ಸಾಮಾನಿನ ವಿಷಯಕ್ಕೆ ಬನ್ನಿ. ಡಿಫೆನ್ಸ್ ಆಡೋ ಮಕ್ಕಳು ದಡಬಡ ಬೀಳೋದು ಮುಕ್ಕಾಲು ಪಾಲು ಬ್ಲೇಡ್ ಸಾಣೆಯಿಂದ, ಕಾಲಿಂದಲ್ಲ.

ಸ್ಕೇಟ್ ಬ್ಲೇಡ್ ದಪ್ಪ ಸುಮಾರು 3 ಮಿ.ಮೀ. ಕೆಳಗಡೆ ಉದ್ದಕ್ಕೆ ಒಂದು ಹಳ್ಳ ಕೊರೆದಿರ್ತಾರೆ, ಹಳ್ಳದ ಎರಡು ಬದಿಯೂ ಅಂಚು. ಆ ಹಳ್ಳದ ವೃತ್ತದ ತ್ರಿಜ್ಯ ಅರ್ಧ ಇಂಚು ಅನ್ನೋದು ಮಾಮೂಲಿ. 3/8 ಇಂಚು ಅಂದರೆ ಹಳ್ಳ ಆಳ, ಅಂಚು ಐಸಿಗೆ ಕಚ್ಚುತ್ತೆ, ತಿರುಗೋಕೆ ಚೆನ್ನ, ಜಾರೋಕೆ ಕಷ್ಟ. 3/4 ಅಂದರೆ ಹಳ್ಳ ತೆಳು, ಜಾರ್ತಾ ಹೋಗಬಹುದು. ತೂಕ ಇರುವವರಿಗೆ ಅಂಚು ತಾನಾಗೇ ಕಚ್ಚುತ್ತೆ, ಅವರಿಗೆ 5/8 ಅಥವಾ 3/4. ಹಗುರ ಮಕ್ಕಳಿಗೆ 3/8 ಅಥವಾ 1/2. ಮುಂದಿನಿಂದ ಹಿಂದಕ್ಕೆ ತಿರುಗುವಾಗ ಕಾಲು ಸಿಕ್ಕಿ ಬೀಳ್ತಿದ್ದರೆ ಹಳ್ಳ ಅತಿ ಆಳ ಆಗಿದೆ ಅಂತ ಮೊದಲು ಅನುಮಾನಿಸಿ. ಒಂದೇ ಕಡೆಗೆ ಜಾರಿ ಬೀಳ್ತಿದ್ದರೆ ಎರಡು ಅಂಚು ಸಮ ಇಲ್ಲ: ಬ್ಲೇಡ್ ಮೇಲ್ಮುಖ ಹಿಡಿದು ಅಡ್ಡಕ್ಕೆ ಒಂದು ನಾಣ್ಯ ಇಡಿ. ನಾಣ್ಯ ಒಂದು ಕಡೆ ವಾಲಿದರೆ ಸಾಣೆ ಹಿಡಿದವನಿಗೆ ವಾಪಸ್ ಕೊಡಿ.

ಸ್ಟಿಕ್: ಸ್ಕೇಟ್ ಹಾಕಿ ನಿಂತಾಗ ಗದ್ದದ ಹತ್ತಿರ ಬರಬೇಕು, ಡಿಫೆನ್ಸ್ ಆದರೆ ಎರಡು ಮೂರು ಬೆರಳು ಉದ್ದ ಇದ್ದರೂ ನಡೆಯುತ್ತೆ, ಕೈಚಾಚು ಹೆಚ್ಚುತ್ತೆ. ಫ್ಲೆಕ್ಸ್ ನಂಬರ್, ಅಂದರೆ ಸ್ಟಿಕ್ ಎಷ್ಟು ಗಡುಸು ಅನ್ನೋ ಅಳತೆ, ಪೌಂಡ್ ಲೆಕ್ಕದ ದೇಹ ತೂಕದ ಅರ್ಧ. 60 ಕೆ.ಜಿ. ಅಂದರೆ 132 ಪೌಂಡ್, 65ರ ಆಸುಪಾಸು. ಅಪ್ಪನ ಹಳೇ 85 ಸ್ಟಿಕ್ ಕೊಯ್ದು ಮಗಳಿಗೆ ಕೊಟ್ಟರೆ ಕೊಯ್ದಷ್ಟೂ ಇನ್ನೂ ಗಡುಸಾಗುತ್ತೆ. ಬಾಗದ ಸ್ಟಿಕ್ಕಿಂದ ಶಾಟ್‌ಗೆ ಬಲ ಬರಲ್ಲ, ಮಗು ತೋಳಿನ ಜೋರಲ್ಲಿ ಹೊಡೆದು ಭುಜ ನೋಯಿಸ್ಕೊಳ್ಳುತ್ತೆ.

ಮಿನ್ನೆಸೋಟ_ಮಾಲಾ:
ಬಸಣ್ಣ, ಐಸ್ ಬದಲಾದರೆ ಹಳ್ಳವೂ ಬದಲಾಗಬೇಕು ಅನ್ನೋದನ್ನೂ ಸೇರಿಸಿ.

ಬ್ಲೇಡ್_ಬಸಣ್ಣ:
ಹೌದು ಮೇಡಂ. ಐಸ್ ತಂಪಿದ್ದಷ್ಟೂ ಗಟ್ಟಿ, ಗಟ್ಟಿ ಐಸಿಗೆ ಆಳ ಹಳ್ಳ. ಮಾಲ್ ರಿಂಕಿನ ಮೆತ್ತನೆ ಐಸಿಗೆ ತೆಳು ಹಳ್ಳ, ಇಲ್ಲದಿದ್ದರೆ ಬ್ಲೇಡ್ ಹೂತು ಕೂತುಬಿಡುತ್ತೆ. ಆಟ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ಹಾಕಿಯೇ ಬ್ಯಾಗಿಗೆ ತುರುಕಿದರೆ ನೀರು ಒಳಗೇ ನಿಂತು ತುಕ್ಕು. ಗಾರ್ಡ್ ನಡೆಯೋಕೆ, ಬ್ಯಾಗಿಗೆ ಬಟ್ಟೆ ಚೀಲ.

ಕರಾವಳಿಕಡ್ಡಿ:
ರುಜೇರೊ ನಂತರ ಒಲಿಂಪಿಕ್ ಸಮಿತಿಗೆ ಹೋದ್ರಲ್ಲ, ಅದನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯುದಿಲ್ಲ? ಆಟಕ್ಕಿಂತ ಅದೇ ದೊಡ್ಡ ಕೊಡುಗೆ ಅಂತ ನನಗೆ ಕಾಣ್ತದೆ.

ಟೊರೊಂಟೊ_ತಾತ:
ಸಮಿತಿ ಕುರ್ಚಿಯಲ್ಲಿ ಕೂತದ್ದು ಡಿಫೆನ್ಸ್ ಲೆಕ್ಕಕ್ಕೆ ಬರಲ್ಲ.

ನೀಲಿಗೆರೆ:
ತಾತ, ಇದರಲ್ಲಿ ಕಡ್ಡಿಯವರ ಪರ ನಾನು. ವ್ಯಾಂಕೂವರ್ 2010 ಹೇಗಿತ್ತು ನೆನಪಿಸಿಕೊಳ್ಳಿ. ಕೆನಡಾ ಸ್ಲೊವಾಕಿಯಾವನ್ನು 18-0, ಅಮೆರಿಕ ಚೀನಾವನ್ನು 12-1. ಒಲಿಂಪಿಕ್ ಸಮಿತಿಯ ಆಗಿನ ಅಧ್ಯಕ್ಷ ಜಾಕ್ ರೋಗೆ, ಉಳಿದ ದೇಶಗಳು ಸುಧಾರಿಸದಿದ್ದರೆ ಹೀಗೇ ಮುಂದುವರಿಸೋಕೆ ಆಗಲ್ಲ ಅನ್ನೋ ಅರ್ಥದಲ್ಲಿ ಬಹಿರಂಗವಾಗಿ ಮಾತಾಡಿದರು. ಎರಡು ವರ್ಷದ ಹಿಂದಷ್ಟೇ ಮಹಿಳೆಯರ ಸಾಫ್ಟ್‌ಬಾಲ್ ಬೀಜಿಂಗ್ ನಂತರ ಒಲಿಂಪಿಕ್ಸಿಂದ ಹೊರಗೆ ಹೋಗಿತ್ತು, ಬೆದರಿಕೆ ಬರೀ ಮಾತಲ್ಲ. ಅದೇ ಕ್ರೀಡಾಕೂಟದಲ್ಲಿ ಕ್ರೀಡಾಪಟುಗಳು ಮತ ಹಾಕಿ ತಮ್ಮ ಆಯೋಗಕ್ಕೆ ಆರಿಸಿದ ಇಬ್ಬರಲ್ಲಿ ಒಬ್ಬರು ರುಜೇರೊ. ಇನ್ನೂ ಆಡ್ತಿದ್ದ ಡಿಫೆಂಡರ್ ಹೋಗಿ ಆ ಮೇಜಿನ ಮುಂದೆ ಕೂತರು. ಎಂಟು ವರ್ಷದ ಅವಧಿ, 2016ರಿಂದ 2018ರವರೆಗೆ ಆ ಆಯೋಗದ ಅಧ್ಯಕ್ಷೆ.

ಅಂಕಿಸಂಖ್ಯೆ:
2018 ಪ್ಯೊಂಗ್‌ಚಾಂಗ್‌ನಲ್ಲಿ ಉತ್ತರ, ದಕ್ಷಿಣ ಕೊರಿಯಾ ಸೇರಿ ಒಂದೇ ಮಹಿಳಾ ಹಾಕಿ ತಂಡ ಇಳಿಸಿದ್ದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡಬೇಕು ಅಂದದ್ದೂ ಈಕೆಯೇ. ಆ ತಂಡ ಐದಕ್ಕೆ ಐದೂ ಸೋತಿತು, ಇಡೀ ಟೂರ್ನಿಯಲ್ಲಿ ಹೊಡೆದದ್ದು ಎರಡು ಗೋಲು.

ಟೊರೊಂಟೊ_ತಾತ:
ಆ ಮಾತು ಸ್ವಲ್ಪ ಅತಿಯಾಯ್ತು. ದಕ್ಷಿಣ ಕೊರಿಯಾದ ಹುಡುಗಿಯರು ವರ್ಷಗಟ್ಟಲೆ ಕಟ್ಟಿದ ತಂಡಕ್ಕೆ ಕೊನೇ ಗಳಿಗೆಯಲ್ಲಿ ಹನ್ನೆರಡು ಜನರನ್ನು ಸೇರಿಸಿದರು. ಅದರಲ್ಲಿ ಪ್ರತಿ ಪಂದ್ಯಕ್ಕೂ ಕನಿಷ್ಠ ಮೂವರು ಇಳಿಯಲೇಬೇಕು ಅನ್ನೋ ಷರತ್ತು. ಯಾರ ಜಾಗ ಹೋಯ್ತು ಅಂತ ಆಟಗಾರ್ತಿ ಆದವಳು ಮೊದಲು ಕೇಳಬೇಕಿತ್ತು.

ನೀಲಿಗೆರೆ:
ಅದು ಒಪ್ಪುವ ಮಾತು.

ಟೊರೊಂಟೊ_ತಾತ:
2015ರಲ್ಲಿ ರುಜೇರೊಳನ್ನು ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಮಾತ್ರ ನಾನೂ ಖುಷಿಪಟ್ಟೆ ಅನ್ನೋದು ದಾಖಲಾಗಲಿ. ಆ ವರ್ಷದ ಐವರು ಆಟಗಾರರಲ್ಲಿ ನಾಲ್ವರು ಡಿಫೆಂಡರ್‌ಗಳು: ಲಿಡ್‌ಸ್ಟ್ರೋಮ್, ಪ್ರಾಂಗರ್, ಹೌಸ್ಲಿ, ರುಜೇರೊ. ಉಳಿದವನು ಫೆಡೊರೊವ್. ಮಹಿಳೆಯರಲ್ಲಿ ಏಂಜೆಲಾ ಜೇಮ್ಸ್, ಕ್ಯಾಮಿ ಗ್ರಾನಾಟೊ 2010ರಲ್ಲಿ, ನಾಲ್ಕನೆಯವಳು ರುಜೇರೊ. ಮಹಿಳಾ ಡಿಫೆಂಡರ್‌ಗಳಲ್ಲಿ ಮೊದಲಿಗಳು ಯಾರು ಅಂತ ನಾನು ಹೇಳಬೇಕಾ? 2013, ಹೀನಿ.

ಹುಬ್ಳಿ_ಮಂದಿ:
ಹೇಳೇಬಿಟ್ಟಿರಲ್ರೀ ತಾತಾರ.

ಕೊಡಗು_ಫುಲ್‌ಬ್ಯಾಕ್:
ನಮ್ಮ ದೇಶದ ಹುಡುಗಿಯರು ಐಸ್ ಹಾಕಿ ಆಡ್ತಾರಲ್ಲ, ಲಡಾಖ್ ಕಡೆಯವರು. ಅವರು ಯಾವ ಮಟ್ಟದಲ್ಲಿದ್ದಾರೆ?

ಅಂಕಿಸಂಖ್ಯೆ:
ಭಾರತ ಮಹಿಳಾ ತಂಡ ಅಂತರರಾಷ್ಟ್ರೀಯ ಟೂರ್ನಿಗೆ ಮೊದಲು ಇಳಿದದ್ದು 2016ರಲ್ಲಿ, ತೈಪೆಯಲ್ಲಿ. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4-3, ಮೊದಲ ಗೆಲುವು. 2018ರ ಜನವರಿಯಲ್ಲಿ ವಿಕೆನ್‌ಹೈಸರ್ ಲಡಾಖ್‌ಗೇ ಬಂದು ಹೇಳಿಕೊಟ್ಟು ಹೋದರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು. ತಂಡದ ಹೆಚ್ಚಿನವರು ಲಡಾಖ್‌ನವರೇ.

ಕರಾವಳಿಕಡ್ಡಿ:
ಬೆಂಗಳೂರಿನ ಹುಡುಗಿಯರು ಯಾಕಿಲ್ಲ? ರೋಲರ್ ಸ್ಕೇಟಿಂಗಲ್ಲಿ ನಮ್ಮವರು ಜೋರಿದ್ದಾರಲ್ಲ.

ಮಿನ್ನೆಸೋಟ_ಮಾಲಾ:
ಚಕ್ರದಿಂದ ಐಸಿಗೆ ಬರೋರಿಗೆ ಮುಂದಕ್ಕೆ ಹೋಗೋದು ವಾರದಲ್ಲಿ ಬರುತ್ತೆ. ತೊಂದರೆ ನಿಲ್ಲೋದರಲ್ಲಿ. ಐಸ್ ಮೇಲೆ ಎರಡೂ ಬ್ಲೇಡ್ ಅಡ್ಡ ತಿರುಗಿಸಿ ಐಸ್ ಹೆರೆದು ನಿಲ್ಲಬೇಕು. ಚಕ್ರದಲ್ಲಿ ಆ ಅಭ್ಯಾಸ ಇರಲ್ಲ, ಅಡ್ಡ ಹಾಕಿದರೆ ಚಕ್ರ ನೆಲ ಹಿಡಿದು ಎಸೆಯುತ್ತೆ. ಹಾಗಾಗಿ ಅವರು ದೊಡ್ಡ ಸುತ್ತು ಹಾಕಿ ತಿರುಗ್ತಾರೆ. ಡಿಫೆನ್ಸಲ್ಲಿ ಅದು ದುಬಾರಿ, ಆ ಸುತ್ತು ಮುಗಿಯೋದರೊಳಗೆ ಎದುರಾಳಿ ಗೋಲಿನ ಮುಂದಿರ್ತಾಳೆ.

ಅಂಥವರಿಗೆ ಮೊದಲು ಗೋಡೆ ಹಿಡಿದು ಒಂದೇ ಕಾಲಿನ ಬ್ಲೇಡಿನಿಂದ ಐಸ್ ಹೆರೆಯೋದು, ಆಮೇಲೆ ಗೋಡೆ ಬಿಟ್ಟು ನಿಧಾನ ವೇಗದಲ್ಲಿ ಎರಡೂ ಕಾಲು. ಎಡಕ್ಕೂ ಬಲಕ್ಕೂ. ಎಲ್ಲರಿಗೂ ಒಂದು ಕಡೆ ಸುಲಭ ಇರುತ್ತೆ, ಕಷ್ಟದ ಕಡೆಗೆ ಎರಡು ಪಟ್ಟು ಮಾಡಿಸಬೇಕು. ಎರಡೂ ಕಡೆ ನಿಲ್ಲೋಕೆ ಬಂದ ಮೇಲಷ್ಟೇ ಹಿಂದಕ್ಕೆ ಸ್ಕೇಟ್ ಮಾಡೋದು: ಕಾಲು ಎತ್ತದೆ ಅರ್ಧಚಂದ್ರ ಬರೆಯುತ್ತಾ, ಎದೆ ಎತ್ತಿ, ಮೊಣಕಾಲು ಬಗ್ಗಿಸಿ, ಸ್ಟಿಕ್ ಒಂದೇ ಕೈಯಲ್ಲಿ. ಮೊಣಕೈ ಮೈಗೆ ಹತ್ತಿರ. ಮೊದಲೇ ಕೈ ಚಾಚಿಬಿಟ್ಟರೆ ಎದುರಾಳಿಗೆ ನಿಮ್ಮ ಅಳತೆ ಎಷ್ಟು ಅಂತ ಗೊತ್ತಾಗಿಬಿಡುತ್ತೆ.

ಬ್ಲೇಡ್_ಬಸಣ್ಣ:
ಚಕ್ರದಿಂದ ಬಂದ ಹುಡುಗಿಯರಿಗೆ ಶುರುವಲ್ಲಿ 5/8 ಹಾಕಿಸಿ ಮೇಡಂ. ಅಂಚು ಕಡಿಮೆ ಕಚ್ಚಿದರೆ ಅಡ್ಡ ಜಾರಿ ನಿಲ್ಲೋದು ಬೇಗ ಬರುತ್ತೆ. ಕಲಿತ ಮೇಲೆ ಅರ್ಧ ಇಂಚಿಗೆ ಇಳಿಸಬಹುದು.

ಹುಬ್ಳಿ_ಮಂದಿ:
ಕಣ್ಣು ಎಲ್ಲಿ ಇರಬೇಕ್ರೀ? ಪಕ್ ನೋಡಬೇಕೋ, ಆಕೀ ಮಾರಿ ನೋಡಬೇಕೋ?

ಮಿನ್ನೆಸೋಟ_ಮಾಲಾ:
ಎದೆ ಮೇಲಿನ ಲಾಂಛನ. ಪಕ್, ಮುಖ, ಭುಜ ಮೂರೂ ಸುಳ್ಳು ಹೇಳುತ್ತೆ. ಎದೆ ಹೋದ ಕಡೆಗೇ ಆಳು ಹೋಗೋದು.